ಎಲೆ ನೋಡಿದ ಕೂಲಿ

ಔಷಧಿ ಹೊಡೆದು ಬಂದ ದಿನ ನನ್ನ ಅತ್ತಿಗೆ ಚಮಚದಲ್ಲಿ ಊಟ ಮಾಡುತ್ತಿದ್ದಳು. ದೊಡ್ಡಸ್ತಿಕೆಗಲ್ಲ. ಮೂರು ಸಲ ಸೋಪು ಹಾಕಿದರೂ ಕೈಯ ವಾಸನೆ ಹೋಗುತ್ತಿರಲಿಲ್ಲ. ಬೆನ್ನಿಗೆ ಕಟ್ಟಿಕೊಳ್ಳುವ ಡಬ್ಬ ಸೋರಿ ಸೋರಿ ಸೊಂಟದ ಚರ್ಮ ಸುಲಿದಿತ್ತು.

ಸಾಹುಕಾರರ ಕಡಲೆಕಾಯಿ ಹೊಲಕ್ಕೆ ಹತ್ತು ದಿನಕ್ಕೊಮ್ಮೆ ಹೊಡೆಯಲೇಬೇಕು. ರೋಗ ಬಂದಿದೆಯೋ ಇಲ್ಲವೋ, ಕೇಳುವ ಹಾಗಿಲ್ಲ. ಔಷಧಿ ಅಂಗಡಿಯವನು ಕೊಟ್ಟ ಕ್ಯಾಲೆಂಡರ್ ಹೇಳಿತೆಂದರೆ ಮುಗಿಯಿತು. ಗಿಡ ಸೀನುವ ಮೊದಲೇ ಅದಕ್ಕೆ ಔಷಧಿ. ನಮಗೆ ಮೈತುಂಬ ಗುಳ್ಳೆ ಎದ್ದರೆ, "ತಣ್ಣೀರು ಹಾಕ್ಕೋ ಹೋಗು."

ಆ ವರ್ಷ ಕೃಷಿ ಇಲಾಖೆಯ ಮೇಡಂ ಬಂದರು. "ತಾರೀಖು ನೋಡಬೇಡಿ, ಎಲೆ ನೋಡಿ," ಅಂದರು. ಕಂದು ಚುಕ್ಕೆಯ ಸುತ್ತ ಹಳದಿ ಉಂಗುರವಿದ್ದರೆ ಅದು ಮೊದಲು ಬರುವ ರೋಗ. ಎಲೆ ಮಗುಚಿದಾಗ ಅಡಿಯಲ್ಲಿ ಕಾಡಿಗೆಯಂಥ ಕಪ್ಪು ಚುಕ್ಕೆ ಕಂಡರೆ ಆಮೇಲೆ ಬರುವುದು. ಎಲೆ ಉದುರಿಸಿ, ಗಿಡ ಕೀಳುವಾಗ ಕಾಯಿ ಮಣ್ಣಲ್ಲೇ ಉಳಿಯುವಂತೆ ಮಾಡುವ ಖದೀಮ ಅದೇ. ಚುಕ್ಕೆ ಹೆಚ್ಚುತ್ತಾ, ಎಲೆ ದಿನಗಟ್ಟಲೆ ಒದ್ದೆಯಾಗಿದ್ದರೆ ಮಾತ್ರ ಔಷಧಿ.

ಸಾಹುಕಾರರು ತಲೆಯಾಡಿಸಿದರು. ಕಲಿತವಳು ಅತ್ತಿಗೆ. ದಿನಾ ಬೆಳಿಗ್ಗೆ ನಾವು ಏಳು ಹೆಂಗಸರು ಸಾಲು ಸಾಲಾಗಿ ಬಗ್ಗಿ ಎಲೆ ಮಗುಚಿದೆವು. ಹಿಂದಿನ ಬೆಳೆಯ ಕಾಳು ಬಿದ್ದು ತಾನಾಗಿ ಹುಟ್ಟಿದ ಗಿಡಗಳು ರೋಗದ ತವರುಮನೆಯಂತೆ, ಅವನ್ನು ಕಿತ್ತೆಸೆದೆವು. ಎಂಟು ಸಲ ಹೊಡೆಯುತ್ತಿದ್ದುದು ಮೂರಕ್ಕೆ ಇಳಿಯಿತು. ಕಾಯಿ ಎಂದಿನಷ್ಟೇ ಬಂತು.

ಕೂಲಿಯ ದಿನ ಸಾಹುಕಾರರು ಔಷಧಿ ಹೊಡೆದ ಮೂರು ದಿನಕ್ಕೆ ಮಾತ್ರ ಕೊಟ್ಟರು.

"ದಿನಾ ಎಲೆ ನೋಡಿದ್ದಕ್ಕೆ?" ಅತ್ತಿಗೆ ಕೇಳಿದಳು.

"ನೋಡೋಕೂ ಕೂಲಿನಾ? ನಾನು ದಿನಾ ನಿನ್ನ ಮುಖ ನೋಡ್ತೀನಿ. ನನಗೇನು ಕೊಡ್ತೀಯ?"

"ನನ್ನ ಮುಖ ನೋಡಿದ್ರೆ ನಿಮಗೆ ಔಷಧಿ ಖರ್ಚು ಉಳಿಯುತ್ತಾ ಸಾಹುಕಾರ್ರೇ?"

ಅವರು ಎದ್ದು ಒಳಗೆ ಹೋದರು. ಮನೆಯಲ್ಲಿ ಅಣ್ಣ ಗದರಿದ: "ಬಾಯಿ ಮುಚ್ಕೊಂಡಿರೇ, ಇರೋ ಕೆಲಸಾನೂ ಹೋಗುತ್ತೆ."

"ನಾನು ಮಾಡಿದ್ದು ಕೆಲಸಾನೇ ಅಲ್ವಂತೆ. ಹೋಗೋದೇನು ಬಂತು?" ಅಂದಳು ಅತ್ತಿಗೆ.

ಮುಂದಿನ ಬೆಳೆಗೆ ಬಿತ್ತಿದೆವು, ಕಳೆ ತೆಗೆದೆವು, ಹೇಳಿದ್ದೆಲ್ಲ ಮಾಡಿದೆವು. ಎಲೆ ಮಾತ್ರ ನೋಡಲಿಲ್ಲ. ಚುಕ್ಕೆ ಹೇಳುವವರಿಲ್ಲದೆ ಔಷಧಿಯೂ ಬೀಳಲಿಲ್ಲ. ನಾಲ್ಕು ದಿನ ಜಡಿಮಳೆ ಹಿಡಿದು ಬಿಟ್ಟ ಮೇಲೆ ಔಷಧಿ ಖರ್ಚು ಇಳಿದ ಹೊಲ ತೋರಿಸಲು ಮೇಡಂ ಹತ್ತಾರು ರೈತರನ್ನು ಕರೆತಂದರು. ಎಲ್ಲ ತಮ್ಮದೇ ತಲೆ ಎಂದು ಸಾಹುಕಾರರು ಭಾಷಣ ಬಿಗಿದರು. ಮೇಡಂ ಒಂದು ಎಲೆ ಚಿವುಟಿ ಅವರ ಕೈಗಿಟ್ಟರು.

"ಇದು ಯಾವ ಚುಕ್ಕೆ ಅಂತ ಇವರಿಗೆ ಹೇಳಿ."

"ಇದಾ? ಮಣ್ಣು ಮೇಡಂ." ಉಗುಳು ಹಚ್ಚಿ ಉಜ್ಜಿದರು. ಎಲೆ ಹರಿಯಿತು, ಚುಕ್ಕೆ ಹೋಗಲಿಲ್ಲ. ರೈತರಿಗೆಲ್ಲ ಒಟ್ಟಿಗೇ ಕೆಮ್ಮು ಬಂತು.

ಸಾಹುಕಾರರು ನಮ್ಮ ಕಡೆ ತಿರುಗಿದರು. "ಏಯ್, ಬಂದು ಹೇಳ್ರೇ!"

ನಾವು ಏಳೂ ಜನ ಬದುವಿನ ಮೇಲೆ ಕೂತೆವು.

"ಮೊದಲು ಕೂಲಿ ಮಾತಾಡಿ," ಅಂದಳು ಅತ್ತಿಗೆ. "ಆಮೇಲೆ ಎಲೆ ಮಾತಾಡೋಣ."

"ಹೋದ ವರ್ಷ ನೋಡಿದ್ದು ನೀವಾ?" ಮೇಡಂ ಕೇಳಿದರು. ಏಳೂ ಜನ ಕೈ ಎತ್ತಿದೆವು. ಮೇಡಂ ನಮ್ಮನ್ನು ನೋಡಿದರು, ಸಾಹುಕಾರರನ್ನು ನೋಡಿದರು, ಗಡಿಯಾರ ನೋಡಿದರು. "ಅದು ನಿಮ್ಮನಿಮ್ಮಲ್ಲೇ ಬಗೆಹರಿಸ್ಕೊಳ್ಳಿ," ಎಂದು ಜೀಪು ಹತ್ತಿದರು.

ಮರುದಿನ ಸಾಹುಕಾರರು ಬೇರೆ ಊರಿನಿಂದ ಆಳು ಕರೆಸಿದರು. ನಾವು ಮತ್ತೆ ಬದುವಿನ ಮೇಲೆ ಕೂತಿದ್ದಾಗ ಟ್ರ್ಯಾಕ್ಟರಿನಿಂದ ಹನ್ನೊಂದು ಜನ ಇಳಿದರು. ಅತ್ತಿಗೆ ಬೈಯಲಿಲ್ಲ, ಅಡ್ಡ ನಿಲ್ಲಲಿಲ್ಲ. ನಡೆದದ್ದನ್ನು ಹೇಳಿದಳು, ಅಷ್ಟೇ. ಅವರಲ್ಲಿ ಹಲ್ಲಿಲ್ಲದ ಒಬ್ಬಳು ಮುದುಕಿ ಕೊನೆತನಕ ಕೇಳಿಸಿಕೊಂಡು ಸಾಹುಕಾರರ ಎದುರು ಹೋಗಿ ನಿಂತಳು.

"ಎಲೆ ನೋಡೋಕೆ ಎಷ್ಟು ಕೊಡ್ತೀಯಪ್ಪಾ?"

ಸಾಹುಕಾರರು ಹೊಲದ ಕಡೆ ಕೈ ತೋರಿಸಿ, "ಮೊದಲು ಕೆಲಸಕ್ಕೆ ಇಳಿ," ಅಂದರು. ಹೊಲದಲ್ಲಿ ಎಲೆ ಉದುರುತ್ತಿತ್ತು. ಮುದುಕಿ ವಾಪಸ್ ಬಂದು, "ಸರ್ಕೊಳ್ರವ್ವಾ," ಎಂದು ಬದುವಿನ ಮೇಲೆ ನಮ್ಮ ಪಕ್ಕ ಕೂತಳು. ಉಳಿದ ಹತ್ತು ಜನರಿಗೂ ನಾವು ಜಾಗ ಮಾಡಿಕೊಟ್ಟೆವು.