ಹೊನ್ನೆ ದಿಮ್ಮಿ

ನಂಜಯ್ಯನ ಹೆಣ ಕೂರಿಸಿ ತಂದ ವಿಮಾನದ ಬಾಳೆಕಂಬಗಳನ್ನು ಕಿತ್ತು ದಡದ ಮೇಲೆ ಹಾಕುತ್ತಿದ್ದ ಅಂಬಿಗರ ಸಣ್ಣಯ್ಯ, ಬಿದಿರನ್ನೂ ಬಿಚ್ಚದೆ ಆಗುವುದಿಲ್ಲ ಎಂದ. ಬೆಳಗಿನಿಂದ ಹೂ ಸುತ್ತಿ ಸಿಂಗರಿಸಿದ್ದ ವಿಮಾನ ಊರಿನ ದೋಣಿಯಲ್ಲಿ ಹಿಡಿಯುವಂತಿರಲಿಲ್ಲ. ಆಷಾಢದ ಹೇಮಾವತಿ ಕೆಂಪಗೆ ತುಂಬಿ ಹರಿಯುತ್ತಿತ್ತು. ನಂಜಯ್ಯನ ಅಪ್ಪ, ತಾತ ಮಣ್ಣಾದ ಹೊಲ ಆಚೆ ದಡದಲ್ಲಿ. ಗುಂಡಿ ತೋಡುವವರೂ ಐನೋರೂ ಆಗಲೇ ದಾಟಿ ಕಾಯುತ್ತಿದ್ದರು. ಹೊತ್ತು ಮುಳುಗುವುದರೊಳಗೆ ಅವನನ್ನೂ ಅಲ್ಲಿ ಸೇರಿಸಬೇಕಿತ್ತು.

"ಬುದ್ಧಿಯೋರ್ನ ಅಂಗೇ ಮಧ್ಯಕ್ಕೆ ಕುಂಡ್ರಿಸಾನ," ಎಂದ ಸಣ್ಣಯ್ಯ. "ಅವ್ರು ಯಾವಾಗ್ಲೂ ಕೂರ್ತಿದ್ದ ಜಾಗ."

ಮಗ ಷಡಕ್ಷರಿ, ದಾಯಾದಿ ಅಣ್ಣ ಚನ್ನಬಸವಯ್ಯ ಇಬ್ಬರೂ ಸೇರಿ, ಕಾಲು ಮಡಿಸಿ ಕೂತ ಭಂಗಿಯಲ್ಲೇ ಸೆಟೆದಿದ್ದ ನಂಜಯ್ಯನನ್ನು ದೋಣಿಗೆ ಇಳಿಸಿದರು. ಹೆಂಡತಿ ಶಿವಗಂಗಮ್ಮ ಸೆರಗು ಹೊದ್ದು ಎದುರಿಗೆ ಕೂತಳು. ತಳದಲ್ಲಿ ಆಗಲೇ ನೀರು ಜಿನುಗುತ್ತಿತ್ತು.

"ದೋಣಿಗೆ ನಾಳೆ ಹೊನ್ನೆ ಮರ ಕೊಡ್ತೀನಿ, ನಾಳೆ ಕೊಡ್ತೀನಿ ಅಂತಾನೇ ಓಗ್ಬುಟ್ಟ," ಎಂದ ಚನ್ನಬಸವಯ್ಯ. ಸಾವಿನ ದಿನವೂ ಆ ನಾಲಿಗೆಗೆ ಬಿಡುವಿರಲಿಲ್ಲ. ಊರಿಗೆ ಊರೇ ಅವನನ್ನು ನಾಳೆ ನಂಜಯ್ಯ ಎನ್ನುತ್ತಿತ್ತು. ನಾಳೆ ಎಂದವನ ಮನೆ ಹಾಳು ಎಂದು ಅವನ ಎದುರಿಗೇ ಹೇಳಿ ನಗುತ್ತಿದ್ದವರುಂಟು. ಅವನೂ ಜೊತೆಗೆ ನಗುತ್ತಿದ್ದ.

*

ಯುದ್ಧ ಶುರುವಾದ ವರ್ಷ ದೋಣಿಯ ತಳ ಕೊಳೆಯಿತು. ಮರಕ್ಕೆ ಬೆರಳು ಬಡಿದು ಸದ್ದಿನಲ್ಲೇ ಗುಣ ಹೇಳುತ್ತಿದ್ದ ನಂಜಯ್ಯನಿಗೇ ಊರವರು ಹಲಗೆ ತರುವ ಕೆಲಸ ಹಚ್ಚಿದರು. ಅರಕಲಗೂಡಿಗೆ ಹೋದರೆ ಮತ್ತಿ ದಿಮ್ಮಿಗಳೆಲ್ಲ ರೈಲು ಕಂಬಿಯ ಕೆಳಗೆ ಹಾಕಲೆಂದು ನಂಬರು ಬರೆಸಿಕೊಂಡು ಮಲಗಿದ್ದವು. ಹಾಸನದಲ್ಲಿ ಪರ್ಮಿಟ್ಟು ಇಲ್ಲದೆ ಮರದ ಮಾತೇ ಎತ್ತಬೇಡ ಎಂದರು. ಚನ್ನರಾಯಪಟ್ಟಣದ ಸಂತೆಯಲ್ಲಿ ಸಿಕ್ಕಿದ್ದು ಮಾವು. ಮಾವು ಒಲೆಗಾಯಿತು, ಹೊಳೆಗಲ್ಲ ಎಂದು ಗೊಣಗುತ್ತ ಬರಿಗೈಲಿ ಬಂದವನ ಕಣ್ಣು ತನ್ನ ಹಿತ್ತಿಲ ಜಗಲಿಯ ಮೇಲಿದ್ದ ಹೊನ್ನೆ ದಿಮ್ಮಿಯ ಮೇಲೆ ಬಿತ್ತು.

ಅದು ಶಿವಗಂಗಮ್ಮನ ತವರಿನದು. ಮನೆ ಪಾಲಾದಾಗ ತಲೆಬಾಗಿಲು ಚನ್ನಬಸವಯ್ಯನ ಕಡೆಗೆ ಹೋಗಿ, ಇವರಿಗೆ ಉಳಿದದ್ದು ಕೊಟ್ಟಿಗೆಯ ಬಾಗಿಲು. ಮಗಳು ಸಗಣಿ ತುಳಿದುಕೊಂಡು ಒಳಗೆ ಹೋಗುವುದನ್ನು ಕಂಡ ಅವಳಪ್ಪ, ಬೇರೆ ಮನೆ ಕಟ್ಟಿದಾಗ ನಿನ್ನದೇ ಬಾಗಿಲಿಗೆ ಇರಲಿ ಎಂದು ಗಾಡಿಯಲ್ಲಿ ಕಳಿಸಿದ್ದ.

ಬಡಗಿ ಬಂದು ದಿಮ್ಮಿಯ ಮೇಲೆ ಕೆಮ್ಮಣ್ಣಿನ ನೂಲು ಹಿಡಿದು ಗೆರೆ ಹೊಡೆದ ದಿನ ಶಿವಗಂಗಮ್ಮ ಬಂದು ಅದರ ಮೇಲೆ ಕೂತುಬಿಟ್ಟಳು. ಏಳಲಿಲ್ಲ. ನಂಜಯ್ಯ ಬಡಗಿಯನ್ನು ವಾಪಸು ಕಳಿಸಿ, ಸದ್ಯಕ್ಕೆ ಇರಲಿ ಎಂದು ದೋಣಿಗೆ ಮಾವಿನ ಹಲಗೆಯನ್ನೇ ಹೊಡೆಸಿದ. ಎರಡು ಮಳೆಗಾಲಕ್ಕೆ ಅದು ಸೀಳಿತು. ಹೊನ್ನೆ ಯಾವಾಗ ಎಂದು ಊರವರು ಕೇಳಿದಾಗಲೆಲ್ಲ ನಾಳೆ ಎನ್ನುತ್ತಿದ್ದ. ಆಮೇಲಿಂದ ದೋಣಿ ಹತ್ತಿದಾಗಲೆಲ್ಲ ಅವನು ನಡುವೆ ಕೂತು, ಸೀಳಿನ ಮೇಲೆ ಬಟ್ಟೆ ಒತ್ತಿ ಹಿಮ್ಮಡಿ ಊರುತ್ತಿದ್ದ.

ಹೆಂಡತಿಯೇ ಬೇಡವೆಂದಳು ಎಂದು ಊರಿಗೆ ಹೇಳಬಾರದೇ ಎಂದು ಅವಳು ಒಮ್ಮೆ ಕೇಳಿದ್ದಳು.

"ನಾಳೆ ಅಂದ್ರೆ ನನ್ನ ತಾನೇ ಆಡ್ಕೊಳ್ಳೋದು," ಎಂದಿದ್ದ ನಂಜಯ್ಯ. "ಆಡ್ಕೊಳ್ಲಿ ಬುಡು."

ಬಾಗಿಲೂ ಆಗಲಿಲ್ಲ, ಮನೆಯೂ ಏಳಲಿಲ್ಲ. ದಿಮ್ಮಿಯ ಮೇಲೆ ಅವಳು ಹಪ್ಪಳ ಒಣಗಿಸುತ್ತಿದ್ದಳು.

*

ನಡುಹೊಳೆಗೆ ಬರುವಷ್ಟರಲ್ಲಿ ನೀರು ನಂಜಯ್ಯನ ಮಡಿಸಿದ ಮಂಡಿ ಮುಟ್ಟಿತು. ಷಡಕ್ಷರಿ ಡಬ್ಬದಿಂದ ಮೊಗೆದು ಚೆಲ್ಲುತ್ತಿದ್ದ; ಚೆಲ್ಲಿದಷ್ಟೂ ಬರುತ್ತಿತ್ತು. ಮೊಣಕಾಲಿಗೆ ಬಳಿದ ವಿಭೂತಿ ಕರಗಿ ಬಿಳಿಯ ನೀರಾಗಿ ಶಿವಗಂಗಮ್ಮನ ಪಾದದ ಕಡೆ ಹರಿಯಿತು. ಸೀಳಿಗೆ ಊರುತ್ತಿದ್ದ ಆ ಹಿಮ್ಮಡಿ ಮಡಿಸಿದ ಕಾಲಿನಡಿ ಸಿಕ್ಕಿಕೊಂಡಿದ್ದುದನ್ನು ಅವಳು ನೋಡುತ್ತಲೇ ಇದ್ದಳು.

"ಒಂದು ಅಲಗೆ ಕೊಟ್ಟಿದ್ರೆ ಇವತ್ತು ಇವ್ನೇ ಒಣಗಿದ ಮೈಯಲ್ಲಿ ಓಗ್ತಿದ್ದ," ಎಂದ ಚನ್ನಬಸವಯ್ಯ.

"ಅವ್ರು ಕೊಡ್ತಿದ್ರು ಭಾವ," ಎಂದಳು ಶಿವಗಂಗಮ್ಮ. ಭಾವನ ಎದುರು ಅವಳು ಬಾಯಿ ಬಿಟ್ಟದ್ದು ಅದೇ ಮೊದಲು. "ಗೆರೆ ಹೊಡ್ದಿದ್ದ ಮರದ ಮೇಲೆ ಅಡ್ಡ ಕುಂತೋಳು ನಾನು. ನಿಮ್ಮಂಗೆ ನಂಗೂ ಒಂದು ತಲೆಬಾಗ್ಲು ಬೇಕಿತ್ತು."

ಸಣ್ಣಯ್ಯ ಗಳೆ ಊರುವುದನ್ನು ಒಂದು ಗಳಿಗೆ ಮರೆತ. ದಡ ಬರುವವರೆಗೆ ಷಡಕ್ಷರಿ ನೀರು ಮೊಗೆಯುತ್ತಲೇ ಇದ್ದ.

ಮಣ್ಣು ಹಾಕಿ ಮುಗಿದ ಮೇಲೆ ಚನ್ನಬಸವಯ್ಯ ಅವಳ ಹತ್ತಿರ ಬಂದು, ಒಂದು ಮಾತು ಅಂದಿದ್ದರೆ ನಮ್ಮ ಬಾಗಿಲಲ್ಲೇ ಓಡಾಡಿ ಅನ್ನುತ್ತಿದ್ದೆನಲ್ಲಮ್ಮ ಎಂದ. ಅನ್ನುತ್ತಿದ್ದನೋ ಇಲ್ಲವೋ, ಈಗ ಅನ್ನುವುದು ಸುಲಭವಾಗಿತ್ತು. ಅವಳು ಅದಕ್ಕೇ ಅತ್ತಳು. ಕೇಳಬಹುದಿತ್ತು ಎನ್ನುವುದು ಇಷ್ಟು ವರ್ಷ ಅವಳಿಗೂ ಹೊಳೆದಿರಲಿಲ್ಲ, ನಂಜಯ್ಯನಿಗೂ ಹೊಳೆದಿರಲಿಲ್ಲ.

ದೋಣಿಯ ಹತ್ತಿರ ಬಂದು, ಬಡಗಿಯನ್ನು ಕರೆಸಿ ದಿಮ್ಮಿ ಕುಯ್ಯಿಸು ಎಂದು ಮಗನಿಗೆ ಹೇಳಿದಳು.

"ನಾಳೆ ನೋಡಾನ ಬುಡಿ ಅಮ್ಮಾರೇ," ಎಂದ ಸಣ್ಣಯ್ಯ ಕನಿಕರದಿಂದ.

"ಇವತ್ತೇ," ಎಂದಳು. "ಗೆರೆ ಇನ್ನೂ ಅದೆ."

ವಾಪಸಿನಲ್ಲಿ ನಂಜಯ್ಯನ ಜಾಗ ಖಾಲಿಯಿತ್ತು. ಯಾರೂ ಅಲ್ಲಿ ಕೂರಲಿಲ್ಲ. ಶಿವಗಂಗಮ್ಮ ಎದ್ದು ಹೋಗಿ ಕೂತಳು. ಕೆಸರುನೀರಿನೊಳಗೆ ಕಾಲಿನಿಂದಲೇ ತಡಕಿ ಸೀಳು ಹುಡುಕಿದಳು. ಅಲ್ಲಿ ಅವನು ತುರುಕಿದ್ದ ಹಳೆಯ ಪಂಚೆಯ ಚೂರು ಕಾಲ್ಬೆರಳಿಗೆ ಸಿಕ್ಕಿತು. ಅದರ ಮೇಲೆ ಹಿಮ್ಮಡಿ ಊರಿದಳು. ಊರಿನ ದಡ ಬರುವವರೆಗೂ ಎತ್ತಲಿಲ್ಲ.