ಗೋಡೆಗೆ ಮುಖ ಮಾಡಿಟ್ಟ ಕಿತ್ತಳೆ

ಅಮೆರಿಕದ ಓಕ್ಲೆಂಡಿನ ಚೀನೀ ಪೇಟೆಯಲ್ಲಿ ಗಿಡಮೂಲಿಕೆ ಅಂಗಡಿಯ ಗಾಜಿನ ಹಿಂದೆ ಯೂಕ್‌ಲಿನ್ ಬರೆದ ಚಿತ್ರ ತೂಗುಹಾಕಿದ ದಿನ ಸುಕ್‌ಫಾನ್‌ಗೆ ಅನ್ನ ಸೇರಲಿಲ್ಲ.

ಹೋಗಿಬರುವವರೆಲ್ಲ ಅದರ ಮುಂದೆ ನಿಲ್ಲುತ್ತಿದ್ದರು. ಮೀನಂಗಡಿಯವಳಂತೂ ಕಣ್ಣೊರೆಸಿಕೊಂಡಳು. ಚಿತ್ರವಾದರೂ ಎಂಥದ್ದು! ಒಂದು ಬಸ್ ನಿಲ್ದಾಣ, ನೆಲಕ್ಕೆ ಬಿದ್ದಿರುವ ನೇರಳೆ ಕೋಟಿನ ಹೆಂಗಸು, ಅವಳೆದುರು ಒಂದು ಭಾರಿ ಬೂಟು. ಕೈಗೂ ಕಾಲಿಗೂ ತಾಳಮೇಳವಿಲ್ಲ. ಬಸ್ಸೋ ಬಿಸ್ಕತ್ತಿನ ಡಬ್ಬಿಯ ಹಾಗಿತ್ತು.

"ಪಾಪ, ಎಷ್ಟು ಚೆನ್ನಾಗಿ ಬರ್ದಿದಾಳೆ," ಎಂದ ಗಂಡ ಹೊಯ್‌ಮಿಂಗ್.

"ನಿಮಗೆ ಕಣ್ಣಿಗೆ ಪೊರೆ ಬಂದಿದೆ, ನಡೀರಿ," ಎಂದಳು ಸುಕ್‌ಫಾನ್.

ಹೊಟ್ಟೆಕಿಚ್ಚು ಬರದೆ ಇನ್ನೇನು? ನಲವತ್ತು ವರ್ಷದಿಂದ ಕುಂಚ ಹಿಡಿದ ಕೈ ಅವಳದು. ಚೀನೀ ಹೊಸ ವರ್ಷ ಬಂತೆಂದರೆ ತಾನಿದ್ದ ಮೂರು ಮಹಡಿಯ ಕಟ್ಟಡದ ಮನೆಗಳ ಬಾಗಿಲಿಗೆಲ್ಲ ಕೆಂಪು ಕಾಗದದ ಮೇಲೆ ಶುಭದ ಮಾತು ಬರೆದುಕೊಡುತ್ತಿದ್ದವಳು ಅವಳೇ. ಪಕ್ಕದ ಮನೆಯ ಯೂಕ್‌ಲಿನ್ ಕೂಡ, "ಅಕ್ಕ, ನಮ್ಮನೇಗೂ ಒಂದು ಬರ್ಕೊಡಿ," ಎಂದು ಕಾಗದ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಈಗ ನೋಡಿದರೆ ಬೀದಿಗೆಲ್ಲ ಅವಳೇ ಕಲಾವಿದೆ!

ಆದರೆ ಕಿಚ್ಚಿನ ಬೇರು ಇನ್ನೂ ಆಳದಲ್ಲಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಊರೂರಿಗೆ ಕೊರೊನಾ ಕಾಯಿಲೆ ಹಬ್ಬಿದ ಮೇಲೆ ಈ ಪೇಟೆಯ ಮುದುಕ ಮುದುಕಿಯರಿಗೆ ಬೀದಿ ಮೊದಲಿನಂತಿರಲಿಲ್ಲ. ಕಳೆದ ಚಳಿಗಾಲದಲ್ಲಿ ಯಾವನೋ ಯೂಕ್‌ಲಿನ್‌ಳನ್ನು ಒದ್ದು, "ಕಾಯಿಲೆ ತಂದೋರು ನೀವು, ನಿಮ್ಮ ದೇಶಕ್ಕೆ ಹೋಗಿ," ಎಂದು ಕೂಗಿದ್ದ. ಅದು ಪೇಟೆಗೆಲ್ಲ ಗೊತ್ತು. ಗೊತ್ತಿಲ್ಲದ್ದು ಸುಕ್‌ಫಾನ್‌ಳ ಕಥೆ. ಹೊಸ ವರ್ಷಕ್ಕೆ ನಾಲ್ಕು ದಿನವಿತ್ತು. ಎಲೆ ಸಮೇತ ಕಿತ್ತಳೆ ಕೊಂಡು ಬರುತ್ತಿದ್ದಳು. ಹಿಂದಿನಿಂದ ಒಂದು ಕೈ ನೂಕಿತು. ಅದೇ ಮಾತು, ಮೇಲೊಂದು ನಗು. ಮಂಡಿ ತರಚಿತು, ಹಣ್ಣು ಉರುಳಿತು. ಆಚೀಚೆ ಇದ್ದವರು ಫೋನು ನೋಡುತ್ತ ನಿಂತಿದ್ದರು.

ಹಬ್ಬದ ಮುಂದೆ ಕೆಟ್ಟದ್ದನ್ನು ಬಾಯಿಗೆ ತಂದರೆ ವರ್ಷವಿಡೀ ಅದೇ ಬೆನ್ನು ಹತ್ತುತ್ತದೆ ಎಂದು ಅವಳ ಅಮ್ಮ ಹೇಳುತ್ತಿದ್ದಳು. ಅದಕ್ಕೇ ಸುಕ್‌ಫಾನ್ ಗಂಡನಿಗೆ, "ಕಾಲು ಜಾರ್ತು," ಎಂದಳು. ಪೆಟ್ಟಾದ ಹಣ್ಣುಗಳನ್ನು ಒರೆಸಿ, ಹಿರಿಯರ ಪಟದ ಮುಂದಿನ ತಟ್ಟೆಯಲ್ಲಿ ಗಾಯದ ಕಡೆ ಗೋಡೆಗೆ ಬರುವ ಹಾಗೆ ಜೋಡಿಸಿದಳು. ಹೊಯ್‌ಮಿಂಗ್ ಅವಳ ಹಳೇ ಹೂವಿನ ಚಪ್ಪಲಿಯನ್ನು ಬೈದು, ಕಸಕ್ಕೆಸೆದು, ದಪ್ಪ ರಬ್ಬರ್ ಬೂಟು ತಂದುಕೊಟ್ಟ. ಹಬ್ಬ ಮುಗಿಯಿತು. ಮಾತು ಮಾತ್ರ ಗಂಟಲಲ್ಲೇ ಉಳಿಯಿತು. ಅಂದಿನಿಂದ ಅವಳು ಒಬ್ಬಳೇ ಬೀದಿಗೆ ಇಳಿದಿಲ್ಲ. ಬೆಳಗಿನ ಕೆರೆದಂಡೆಯ ವ್ಯಾಯಾಮ ಬಿಟ್ಟಳು, ಸಂತೆ ಬಿಟ್ಟಳು. ಗಂಡನ ಕೋಟಿನ ತೋಳು ಹಿಡಿದರೆ ಮಾತ್ರ ಹೊಸಿಲು ದಾಟುತ್ತಿದ್ದಳು.

ಇಬ್ಬರಿಗೂ ಬಿದ್ದದ್ದು ಒಂದೇ ಪೆಟ್ಟು. ಯೂಕ್‌ಲಿನ್‌ಗೆ ಊರ ಕಣ್ಣೀರು, ನನಗೆ ರಬ್ಬರ್ ಬೂಟು! ಈ ಯೋಚನೆ ಬಂದಾಗಲೆಲ್ಲ ಸುಕ್‌ಫಾನ್‌ಳ ಹೊಟ್ಟೆ ಧಗಧಗ ಉರಿಯುತ್ತಿತ್ತು.

ಒಂದು ದಿನ ಕಟ್ಟಡದವರೆಲ್ಲ ಬಟ್ಟೆ ಒಗೆಯುವ ಕೋಣೆಯಲ್ಲಿ ಯೂಕ್‌ಲಿನ್ ಸಿಕ್ಕಳು.

"ಅಕ್ಕ, ಮಂಗಳವಾರ ನೀವೂ ಚಿತ್ರದ ತರಗತಿಗೆ ಬನ್ನಿ. ವಿನ್ನಿ ಅಂತ ಹುಡುಗಿ ಹೇಳ್ಕೊಡ್ತಾಳೆ. ನಮ್ಮೋರೇ ಎಲ್ಲ. ಮನಸ್ಸು ಹಗುರಾಗತ್ತೆ."

"ಬಿದ್ದಿದ್ದನ್ನ ಬೀದೀಲಿ ನೇತುಹಾಕೋದು ಯಾವ ದೊಡ್ಡಸ್ತಿಕೆನೇ? ನಮ್ಮಮ್ಮಂದಿರು ಕಹಿ ನುಂಗಿ ಬದುಕಿದ್ರು."

"ನುಂಗಿದ್ರು, ನಿಜ. ನಮ್ಮಮ್ಮನಿಗೆ ಸಾಯೋತನಕ ನಿದ್ದೆ ಬರ್ತಿರ್ಲಿಲ್ಲ. ನನಗೆ ಈಗ ಬರತ್ತೆ ಅಕ್ಕ."

ನಿದ್ದೆಯೂ ಬರುತ್ತದಂತೆ! ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ನಿಜವಾದ ಚಿತ್ರ ಎಂದರೇನು ಎಂದು ಇವಳಿಗೆ ತೋರಿಸಿಯೇ ಬಿಡುತ್ತೇನೆ ಎಂದು ಸುಕ್‌ಫಾನ್ ಹಟ ತೊಟ್ಟಳು.

ಮಂಗಳವಾರ ಗಂಡ ತರಗತಿಯ ಬಾಗಿಲ ತನಕ ಬಿಟ್ಟು ಹೋದ. ಬಟ್ಟೆಯಲ್ಲಿ ಸುತ್ತಿದ ತನ್ನದೇ ಕುಂಚ, ಮಸಿ ತೇಯುವ ತನ್ನದೇ ಮಸಿಕಲ್ಲು ತೆಗೆದು ಸುಕ್‌ಫಾನ್ ಒಂದು ಹೂಬಿಟ್ಟ ಪ್ಲಮ್ ಕೊಂಬೆ ಬರೆದಳು. ಒಂದು ಗೆರೆಯೂ ಆಚೀಚೆ ಹೋಗಲಿಲ್ಲ.

"ತುಂಬಾ ಚೆನ್ನಾಗಿದೆ ಆಂಟಿ," ಎಂದು ವಿನ್ನಿ ಮುಂದಕ್ಕೆ ಹೋದಳು. ಹೋಗಿ ಯೂಕ್‌ಲಿನ್ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಅರ್ಧ ಗಂಟೆ ಕೂತಳು.

ಮುಂದಿನ ವಾರ ಸುಕ್‌ಫಾನ್ ಬಿದಿರು ಬರೆದಳು. ಆಮೇಲಿನ ವಾರ ಕೊಕ್ಕರೆ. "ಚೆನ್ನಾಗಿದೆ ಆಂಟಿ." ಅಷ್ಟೇ. ಎಲ್ಲರೂ ಮುತ್ತಿಕೊಳ್ಳುತ್ತಿದ್ದುದು ಯೂಕ್‌ಲಿನ್‌ಳ ಮೇಜನ್ನೇ. ಆವತ್ತು ಅವಳು ಅದೇ ಬಸ್ ನಿಲ್ದಾಣವನ್ನು ಮತ್ತೊಮ್ಮೆ ಬರೆಯುತ್ತಿದ್ದಳು. ಸುಕ್‌ಫಾನ್‌ಗೆ ತಡೆಯಲಾಗಲಿಲ್ಲ.

"ಅಲ್ವೇ, ಬೂಟು ಹೀಗೆ ಎದುರಿಗೆ ಕಾಣತ್ತಾ? ಸುಳ್ಳು ಸುಳ್ಳೇ ಬರೀತೀಯ."

"ಮೊಸರಲ್ಲಿ ಕಲ್ಲು ಹುಡುಕ್ತೀರಲ್ಲ ಅಕ್ಕ. ಹೇಗೆ ಕಾಣತ್ತೆ, ನೀವೇ ಹೇಳಿ."

"ಬೂಟು ಕಾಣೋದೇ ಇಲ್ಲ! ಹಿಂದಿನಿಂದ ತಳ್ಳಿದೋರ ಮುಖಾನೂ ಕಾಣಲ್ಲ. ನೆಲ ಕಾಣತ್ತೆ. ಅಂಟಿರೋ ಚೂಯಿಂಗ್ ಗಮ್ ಕಾಣತ್ತೆ. ಕಿತ್ತಳೆ ಉರುಳ್ಕೊಂಡು ರಸ್ತೆಗೆ ಹೋಗೋದು ಕಾಣತ್ತೆ, ಕೈ ಚಾಚಿದ್ರೂ ಸಿಗಲ್ಲ..."

ಯೂಕ್‌ಲಿನ್ ಕುಂಚ ಕೆಳಗಿಟ್ಟಳು.

"ಅಕ್ಕ," ಎಂದಳು ಮೆತ್ತಗೆ, "ನನ್ನನ್ನ ಎದುರಿಂದ ಒದ್ದಿದ್ದು. ನನ್ನ ಕೈಲಿ ಕಿತ್ತಳೆ ಇರ್ಲಿಲ್ಲ."

ಸುಕ್‌ಫಾನ್ ಮುಖ ಪಕ್ಕಕ್ಕೆ ತಿರುಗಿಸಿದಳು. ಮಾಸ್ಕಿನೊಳಗೆ ಮೂಗು ಸೋರಿತು. ಯೂಕ್‌ಲಿನ್ ಎದ್ದು ಬಂದು ಅವಳ ಬೆನ್ನ ಮೇಲೆ ಕೈಯಿಟ್ಟಳು. ಆ ಬೆನ್ನನ್ನು ಯಾವನೋ ನೂಕಿ ಮೂರು ತಿಂಗಳಾಗಿತ್ತು.

"ನಿನ್ನ ಮೇಲೆ ಹೊಟ್ಟೆ ಉರೀತಿತ್ತು ಕಣೇ," ಎಂದಳು ಸುಕ್‌ಫಾನ್ ಕೊನೆಗೆ. "ಒದೆ ತಿಂದೋಳ ಮೇಲೂ ಹೊಟ್ಟೆಕಿಚ್ಚು ಪಡೋ ಹೆಂಗಸು ಲೋಕದಲ್ಲಿ ನಾನೊಬ್ಬಳೇ."

"ಒದೆ ಬೇಕಿತ್ತು ಅಂದಿದ್ರೆ ನಾನೇ ಕೊಡ್ತಿದ್ನಲ್ಲ ಅಕ್ಕ, ಪಕ್ಕದ ಮನೇಲೇ ಇದ್ದೆ!" ಎಂದಳು ಯೂಕ್‌ಲಿನ್. ಇಬ್ಬರೂ ಅಳುತ್ತಲೇ ನಕ್ಕರು.

ವಿನ್ನಿ ಬಿಸಿನೀರು ತಂದುಕೊಟ್ಟು ಪಕ್ಕದಲ್ಲಿ ಕೂತಳು. ಈ ಸಲ ಸ್ಟೂಲು ಸುಕ್‌ಫಾನ್ ಮೇಜಿನ ಹತ್ತಿರ ಬಂತು.

"ಚಿತ್ರ ಬರೆದ್ರೆ ತಳ್ಳಿದೋನು ಒಳ್ಳೆಯವನಾಗಲ್ಲ ಆಂಟಿ. ಅದನ್ನ ನಾನು ಹೇಳಲ್ಲ. ಆದ್ರೆ ಬಾಯಲ್ಲಿ ಬರದೇ ಇರೋದು ಒಂದೊಂದ್ಸಲ ಕೈಯಲ್ಲಿ ಬರತ್ತೆ. ಒಮ್ಮೆ ಹೊರಗೆ ಬಂದ್ರೆ ಅದು ಕಾಗದದ ಮೇಲಿರತ್ತೆ, ನಿಮ್ಮೊಳಗೊಂದೇ ಅಲ್ಲ. ದೂರು ಕೊಡೋಕೆ ಈಗ್ಲೂ ತಡವಾಗಿಲ್ಲ. ನಮ್ಮ ಭಾಷೇಲೇ ಹೇಳ್ಬಹುದು, ನಾನು ಜೊತೆಗೆ ಬರ್ತೀನಿ. ಸಂತೆಗೆ ಹೋಗೋಕೂ ಜೊತೆಗಾರರಿದಾರೆ. ನೀವು ತಪ್ಪು ಮಾಡಿಲ್ಲ. ನಾಚ್ಕೋಬೇಕಾದೋನು ಅವನು."

ಅವತ್ತು ಸುಕ್‌ಫಾನ್ ಮಸಿಕಲ್ಲು ಮುಚ್ಚಿಟ್ಟು ಬಣ್ಣ ಕೇಳಿ ಪಡೆದಳು. ಬೂದು ನೆಲ, ಉರುಳುವ ಐದು ಕಿತ್ತಳೆ, ಒಂದು ಒಡೆದು ರಸ ಸೋರಿದ್ದು, ಮೂಲೆಯಲ್ಲಿ ಮಗುಚಿಬಿದ್ದ ಹೂವಿನ ಚಪ್ಪಲಿ. ಗೆರೆ ನಡುಗಿತು. ಅವಳು ತಿದ್ದಲಿಲ್ಲ. ಗಾಯದ ಕಡೆಯನ್ನು ನೋಡುವವರಿಗೆ ಎದುರಾಗಿಯೇ ಇಟ್ಟಳು.

ಎರಡು ವಾರದ ಮೇಲೆ ಗಿಡಮೂಲಿಕೆ ಅಂಗಡಿಯ ಗಾಜಿನ ಹಿಂದೆ ಎರಡು ಚಿತ್ರಗಳಿದ್ದವು. ಯಾರದರ ಮುಂದೆ ಜನ ಹೆಚ್ಚು ಹೊತ್ತು ನಿಲ್ಲುತ್ತಾರೆ ಎಂದು ಇಬ್ಬರೂ ಗೆಳತಿಯರು ಓರೆಗಣ್ಣಲ್ಲಿ ನೋಡುತ್ತಿದ್ದರು. ಹುಟ್ಟುಗುಣ ಎಲ್ಲಿಗೆ ಹೋದೀತು!

ಹೊಯ್‌ಮಿಂಗ್ ಬಂದು ನಿಂತ. ಯೂಕ್‌ಲಿನ್‌ಳ ಚಿತ್ರದಿಂದ ಹೆಂಡತಿಯ ಚಿತ್ರಕ್ಕೆ ಕಣ್ಣು ಸರಿಸಿದ.

"ಈ ಚಪ್ಪಲಿ ನಾನು ಎಸೆದದ್ದಲ್ವಾ?"

"ಹೌದು."

"ಹಾಗಾದ್ರೆ ಅವತ್ತು ನೀನು ಜಾರಲಿಲ್ಲ."

"ಇಲ್ಲ."

ಅವನು ಅವಳ ಕಾಲಿನ ರಬ್ಬರ್ ಬೂಟನ್ನು ನೋಡಿದ. ಆಮೇಲೆ ಗಾಜಿನ ಕಡೆಗೇ ಮುಖ ಮಾಡಿ ಹೇಳಿದ: "ಹೋದ ವರ್ಷ ನನ್ನ ಕೋಟಿನ ಬೆನ್ನಿಗೆ ಪಾರಿವಾಳ ಹೇತಿತ್ತು ಅಂದಿದ್ನಲ್ಲ, ನೀನು ಪಾರಿವಾಳಗಳನ್ನೆಲ್ಲ ಬೈಕೊಂಡು ತೊಳೆದ್ಯಲ್ಲ? ಅದು ಪಾರಿವಾಳ ಅಲ್ಲ ಕಣೇ. ರೈಲಲ್ಲಿ ಒಬ್ಬ ಉಗಿದ."

ಒಂದೇ ಮನೆಯಲ್ಲಿ, ಒಂದೇ ತಟ್ಟೆಯ ಮೀನು ತಿನ್ನುತ್ತ, ಇಬ್ಬರೂ ಒಬ್ಬರಿಗೊಬ್ಬರು ಗಾಯ ಮರೆಮಾಡಿಕೊಂಡು ಕೂತಿದ್ದರು. ಸುಕ್‌ಫಾನ್ ಬೀದಿಯಲ್ಲೇ ಅವನ ಕೈ ಹಿಡಿದಳು.

"ಮಂಗಳವಾರ ನೀವೂ ಬನ್ನಿ."

"ನನಗೆ ಬರೆಯೋಕೆ ಬರಲ್ಲ."

"ಯೂಕ್‌ಲಿನ್‌ಗೂ ಬರಲ್ಲ. ನಡೀರಿ."

ಈ ಕಥೆ ಕೇಳಿದ ಅಕ್ಕಂದಿರೇ, ಅಣ್ಣಂದಿರೇ, ಕಣ್ಣಿನ ಆಕಾರ ನೋಡಿ, ಮೈಬಣ್ಣ ನೋಡಿ ಹೀಯಾಳಿಸುವವರು ಓಕ್ಲೆಂಡಿನಲ್ಲಿ ಮಾತ್ರ ಇಲ್ಲ. ನಮ್ಮ ಬಸ್ಸಿನಲ್ಲೂ ಇದ್ದಾರೆ. ಅಂಥ ಮಾತು ನಿಮ್ಮ ಮೇಲೆ ಬಿದ್ದಿದ್ದರೆ ನುಂಗಬೇಡಿ. ನಂಬಿಕೆಯ ಒಬ್ಬರಿಗೆ ಹೇಳಿ, ದೂರು ಕೊಡಿ. ಹೇಳಲು ಬಾರದಿದ್ದರೆ ಒಂದು ಕಾಗದ ತೆಗೆದು ಬರೆಯಿರಿ, ಬಸ್ಸು ಬಿಸ್ಕತ್ತಿನ ಡಬ್ಬಿಯಂತಾದರೂ ಚಿಂತೆಯಿಲ್ಲ. ಇನ್ನೊಬ್ಬರ ಮೇಲೆ ಬಿದ್ದದ್ದನ್ನು ಕಂಡರೆ ಫೋನು ನೋಡುತ್ತ ನಿಲ್ಲಬೇಡಿ. ಉರುಳಿದ ಹಣ್ಣು ಆರಿಸಿಕೊಡಿ, ಜೊತೆಗೆ ಮನೆಯವರೆಗೆ ನಡೆಯಿರಿ. ಇವತ್ತು ಸಂಜೆ ಮನೆಗೆ ಹೋದಾಗ ನಿಮ್ಮವರನ್ನು ಒಮ್ಮೆ ಕೇಳಿ ನೋಡಿ: "ಅವತ್ತು ನಿಜವಾಗ್ಲೂ ಕಾಲು ಜಾರಿತ್ತಾ?"