ಮೂರನೇ ಬ್ಯಾಂಡಿನ ಹಾಡುಗಾರ

ಬ್ಯಾಂಡ್ ಕಟ್ಟಿದ ಒಂಬತ್ತು ವರ್ಷಗಳಲ್ಲಿ ಅಕ್ಕನಿಗೆ ತಮ್ಮ ಪಾಸ್ ಕಳಿಸಿದ್ದು ಅದೇ ಮೊದಲು. ಜೊತೆಗೆ ಒಂದೇ ಸಾಲು: "ಭಾನುವಾರ ಮಧ್ಯಾಹ್ನ. ನಮ್ಮದು ಮೂರನೇದು. ಬಾ."

ಅಕ್ಕ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವಳು. ತಮ್ಮ ಹಾಡುವ ಆ ಅಬ್ಬರದ ಪಾಪ್ ಪಂಕ್ ಅವಳ ಪಾಲಿಗೆ ಸಂಗೀತವಲ್ಲ, ಮುಂದೆ ಬರಲಿರುವ ರೋಗಿಗಳ ಸಾಲು. ಒಮ್ಮೆ ಊಟಕ್ಕೆ ಕೂತಾಗ ಹಾಗೆಂದು ತಮ್ಮನ ಮುಖಕ್ಕೇ ಹೇಳಿಬಿಟ್ಟಿದ್ದಳು. ಅವನು ತಟ್ಟೆ ಬಿಟ್ಟು ಎದ್ದುಹೋಗಿದ್ದ. ಆಮೇಲೆ ಇಬ್ಬರ ನಡುವೆ ಮಾತೆಂದರೆ ಅಮ್ಮನ ಔಷಧಿ, ಮನೆಯ ಕಾಗದಪತ್ರ, ಅಷ್ಟೇ.

ಕಾರ್ಯಕ್ರಮ ನಡೆಯುತ್ತಿದ್ದುದು ಹಳೆಯ ಗೋದಾಮೊಂದರಲ್ಲಿ. ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಡೆದಿದ್ದರೂ ಅಂಚಿನಿಂದ ಬಿಸಿಲು ಸೀಳಿ ಬರುತ್ತಿತ್ತು. ನಲವತ್ತರ ಅವಳು ಅಲ್ಲಿ ಯಾರನ್ನೋ ಮನೆಗೆ ಕರೆದೊಯ್ಯಲು ಬಂದವಳಂತೆ ಕಾಣುತ್ತಿದ್ದಳು. ಚೀಲದಿಂದ ಸ್ಪಂಜಿನ ಬಿರಡೆ ತೆಗೆದು ಕಿವಿಗಿಟ್ಟುಕೊಂಡಳು. ಪಕ್ಕದ ಹುಡುಗಿಗೂ ಒಂದು ಜೊತೆ ಕೊಡಹೋದಳು.

"ಬೇಡ ಆಂಟಿ, ಕೇಳೋಕೇ ಅಲ್ವಾ ಬಂದಿರೋದು?" ಎಂದು ನಕ್ಕು ಹುಡುಗಿ ಮುಂದಕ್ಕೆ ನುಗ್ಗಿದಳು.

ಮೊದಲ ಬ್ಯಾಂಡಿನವರು ಹಾಡಿದ್ದಕ್ಕಿಂತ ನೆಗೆದಿದ್ದೇ ಹೆಚ್ಚು. ಎರಡನೆಯವರದು ಊರು ಬಿಟ್ಟು ಓಡಿಹೋಗುವ ಹಾಡುಗಳು. ನಡುನಡುವೆ ಮುಂದಿನ ಸಾಲಿನಲ್ಲಿದ್ದ ತಂತಮ್ಮ ಅಪ್ಪ ಅಮ್ಮಂದಿರಿಗೆ ಕೈಬೀಸುತ್ತಿದ್ದರು. ಗರಗರ ಗಿಟಾರು, ಉಸಿರುಗಟ್ಟಿಸುವ ಡ್ರಮ್ಸು, ಅದರ ಮೇಲೆ ಎಳೆ ಮಕ್ಕಳೂ ಗುನುಗಬಹುದಾದಂಥ ರಾಗ. ಜನ ಒಬ್ಬರಿಗೊಬ್ಬರು ಢಿಕ್ಕಿ ಹೊಡೆದು ಬೀಳುತ್ತಿದ್ದರು. ಬಿದ್ದವರನ್ನು ಢಿಕ್ಕಿ ಹೊಡೆದವರೇ ಎತ್ತಿ ನಿಲ್ಲಿಸುತ್ತಿದ್ದರು.

ಮೂರನೆಯ ಬ್ಯಾಂಡ್ ವೇದಿಕೆ ಹತ್ತಿದಾಗ "ಗಿಣಿ! ಗಿಣಿ!" ಎಂದು ಕೂಗೆದ್ದಿತು. ಅದು ತಮ್ಮನಿಗೆ ಮನೆಯವರು ಇಟ್ಟ ಅಡ್ಡಹೆಸರು. ಚಿಕ್ಕಂದಿನಲ್ಲಿ ಏನೇ ಕಿವಿಗೆ ಬೀಳಲಿ, ಕುಕ್ಕರಿನ ಸೀಟಿಯಾಗಲಿ, ಪಕ್ಕದ ಮನೆಯ ಜಗಳವಾಗಲಿ, ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದ.

ಗಿಣಿ ಹಾಡಲು ಶುರುಮಾಡಿದ. ಅಕ್ಕನ ಕಣ್ಣು ಮಾತ್ರ ಅವನ ಕುತ್ತಿಗೆಯ ಮೇಲೆ ನೆಟ್ಟಿತು. ಮೈಯೆಲ್ಲ ಜನರ ಕಡೆ, ತಲೆ ಮಾತ್ರ ಹಿಂದಕ್ಕೆ ಹೊರಳಿತ್ತು. ಬಲಗಿವಿ ಡ್ರಮ್ಸಿನ ಕಡೆಗೆ. ಡ್ರಮ್ಸ್ ಬಾರಿಸುವವಳು ಪ್ರತಿ ಹಾಡಿಗೂ ಮೊದಲು ಗದ್ದ ಎತ್ತಿ ಸನ್ನೆ ಮಾಡುತ್ತಿದ್ದಳು, ಅದನ್ನು ನೋಡಿಯೇ ಅವನು ಬಾಯಿ ತೆರೆಯುತ್ತಿದ್ದ. ಎಡಗಡೆಯಿದ್ದ ಗಿಟಾರಿನವನು ಏನೋ ಕೇಳಿದ. ಗಿಣಿ ತಿರುಗಲಿಲ್ಲ. ಅವನು ಮತ್ತೆ ಕೇಳಿದ, ಕೊನೆಗೆ ಮೊಣಕೈ ಮುಟ್ಟಿದ.

ಆಸ್ಪತ್ರೆಯಲ್ಲಿ ಅಕ್ಕ ದಿನಕ್ಕೆ ಹತ್ತು ಸಲ ನೋಡುವ ಕುತ್ತಿಗೆ ಅದು.

ಅವರ ಸರದಿ ಮುಗಿದ ಮೇಲೆ ಹಿಂಬದಿಗೆ ಹೋದಳು. ಸಾಮಾನು ಏರಿಸುವ ಕಟ್ಟೆಯ ಮೇಲೆ ಗಿಣಿ ಬೆವರು ಒರೆಸಿಕೊಳ್ಳುತ್ತ ಕೂತಿದ್ದ. ಬೇಕೆಂದೇ ಅವನ ಎಡಕ್ಕೆ ನಿಂತು ಮೆಲ್ಲಗೆ ಹೆಸರು ಹಿಡಿದು ಕರೆದಳು. ಅವನು ಕದಲಲಿಲ್ಲ. ನೆಲದ ಮೇಲೆ ಅವಳ ನೆರಳು ಕಂಡ ಮೇಲೆ ತಲೆಯೆತ್ತಿದ.

"ಕರೆದ್ಯಾ?"

"ಎರಡು ಸಲ."

"ಹಾಗಾದ್ರೆ ನಿಂಗೆ ಗೊತ್ತಾಯ್ತು ಬಿಡು." ಸರಿದು ತನ್ನ ಬಲಕ್ಕೆ ಜಾಗ ಮಾಡಿಕೊಟ್ಟ. "ಎಡಗಡೆದು ಹೋಗಿ ಎಂಟು ತಿಂಗಳಾಯ್ತು. ಬಲಗಡೆದೂ ಹೊರಟಿದೆ. ಬೇರೆ ಕಡೆ ತೋರಿಸ್ದೆ. ಇನ್ನು ಎರಡು ಪ್ರೋಗ್ರಾಂ ಇದೆ, ಅಷ್ಟೇ."

"ನನ್ ಹತ್ರ ಬರೋದು ತಾನೇ?"

"ಬಂದು ಏನ್ ಕೇಳ್ಬೇಕಿತ್ತು? 'ನಾನು ಅವತ್ತೇ ಹೇಳಿರ್ಲಿಲ್ವಾ' ಅಂತಾನಾ?"

ಅವಳು ಅವನ ಬಲಕ್ಕೆ ಬಂದು ಕೂತಳು. ಅವನೇ ಮುಂದುವರಿಸಿದ.

"ಆದ್ರೆ ಗಿಟಾರಿಂದ ಅಲ್ವಂತೆ ಅಕ್ಕ. ವಂಶದಿಂದ ಬಂದಿದ್ದಂತೆ. ಅಪ್ಪಂಗೆ ಶುರುವಾಗಿದ್ದು ಎಷ್ಟನೇ ವಯಸ್ಸಲ್ಲಿ?"

"ಮೂವತ್ತೈದು."

"ನಂಗೆ ಮೂವತ್ತಮೂರು. ಮೊದ್ಲಿಂದ್ಲೂ ಅವಸರ ಜಾಸ್ತಿ." ನಕ್ಕ. ಆಮೇಲೆ ನಗು ಇಳಿಯಿತು. "ನಿಂದು? ನೋಡ್ಕೊಂಡಿದೀಯಾ?"

ಸುಳ್ಳು ಹೇಳಬಹುದಿತ್ತು. "ವರ್ಷಾ ವರ್ಷಾ ನೋಡ್ಕೋತೀನಿ. ಇನ್ನೂ ಏನಿಲ್ಲ."

"ವರ್ಷಾ ವರ್ಷಾ," ಎಂದ ಅವನು, ಅವಳದೇ ದನಿಯಲ್ಲಿ. "ಅಂದ್ರೆ ಬರಬಹುದು ಅಂತ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ನಂಗೆ ಒಂದ್ ಮಾತು ಹೇಳೋಕೆ ಏನಾಗಿತ್ತು?"

ಒಳಗೆ ನಾಲ್ಕನೆಯ ಬ್ಯಾಂಡ್ ಶುರುವಾಗಿ ಗೋಡೆ ಅದುರತೊಡಗಿತು. ಹೇಳಬೇಕೆಂದು ಫೋನ್ ಹಿಡಿದ ದಿನಗಳಿದ್ದವು. ಅವನೇ ಮೊದಲು ಮಾತಾಡಲಿ ಎಂದು ಕೆಳಗಿಟ್ಟದ್ದೂ ಇತ್ತು. ಅದನ್ನು ಹೇಗೆ ಹೇಳುವುದು?

"ತಪ್ಪಾಯ್ತು ಕಣೋ," ಎಂದಳು. ಗದ್ದಲದಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ. ಅವನು ಅವಳ ತುಟಿಯನ್ನೇ ನೋಡುತ್ತಿದ್ದ.

"ಹೋಗ್ಲಿ, ಹೇಗಿತ್ತು?" ಎಂದು ಕೇಳಿದ. "ನನ್ನ ದನಿ ನಂಗೆ ಇನ್ನೂ ಕೇಳ್ತಿರೋವಾಗ್ಲೇ ನೀನೂ ಒಂದ್ಸಲ ಕೇಳ್ಲಿ ಅಂತ ಕರೆಸಿದ್ದು. ಯಾವ ಹಾಡು ಚೆನ್ನಾಗಿತ್ತು?"

ಏಳು ಹಾಡುಗಳಲ್ಲಿ ಒಂದರ ಒಂದು ಸಾಲೂ ಅವಳ ತಲೆಯಲ್ಲಿ ಉಳಿದಿರಲಿಲ್ಲ.

"ನಾನು ಕೇಳ್ಲೇ ಇಲ್ಲ ಕಣೋ. ನಿನ್ನ ಕಿವೀನೇ ನೋಡ್ತಿದ್ದೆ."

ಗಿಣಿ ತಲೆಯಾಡಿಸಿದ. ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಡ್ರಮ್ಸಿನವಳು ವ್ಯಾನಿನ ಬಾಗಿಲು ತೆರೆದು, ಅವನಿಗೆ ಕಾಣುವಂತೆ ಕೈಯೆತ್ತಿದಳು. ಅವನು ಅಕ್ಕನ ಭುಜ ತಟ್ಟಿ ಎದ್ದುಹೋದ.

ಉಳಿದೆರಡು ಕಾರ್ಯಕ್ರಮಗಳಿಗೆ ಪಾಸ್ ಬರಲಿಲ್ಲ. ಅವಳೇ ಟಿಕೆಟ್ ತೆಗೆದುಕೊಂಡು ಹೋಗಿ, ಹಿಂದಿನ ಗೋಡೆಗೆ ಒರಗಿ, ಎರಡೂ ದಿನ ಕೊನೆಯವರೆಗೆ ಕೇಳಿದಳು. ಅವನಿಗೆ ಹೇಳಲಿಲ್ಲ.

ಮಳೆಗಾಲ ಕಳೆದ ಮೇಲೆ, ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದವಳ ಮುಂದೆ ಸಹೋದ್ಯೋಗಿ ಫೈಲುಗಳನ್ನಿಟ್ಟಳು. ಮೂರನೆಯದರ ಮೇಲೆ ತಮ್ಮನ ಪೂರ್ತಿ ಹೆಸರಿತ್ತು.

"ನಿನ್ನೆ ಬಂದಿದ್ರು. ನೀವು ಯಾವತ್ತು ರಜೆ ಅಂತ ಮೊದ್ಲೇ ಫೋನ್ ಮಾಡಿ ಕೇಳಿದ್ರಂತೆ," ಎಂದಳು ಅವಳು. "ಪರಿಚಯದವರಾ?"